ನೀಳ ಕಕ್ಷೆಯ ಸಾಕ್ಷ್ಯ: ಎಚ್‌ಡಿ 80606 ಬಿ ಮತ್ತು ಬಿಸಿ ಗುರುಗಳ ವಲಸೆ

1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ 51 ಪೆಗಸಿ ನಕ್ಷತ್ರದ ಸುತ್ತ ಕಂಡುಹಿಡಿದ ದೈತ್ಯ ಗ್ರಹ, ಅಂದರೆ ನಕ್ಷತ್ರಕ್ಕೆ ತೀರ ಹತ್ತಿರ ಸುತ್ತುವ ‘ಬಿಸಿ ಗುರು’, 4.2 ದಿನಕ್ಕೊಂದು ಸುತ್ತು ಮುಗಿಸುತ್ತದೆ. ತಾಯಿ ನಕ್ಷತ್ರಕ್ಕೆ ಅಷ್ಟು ಹತ್ತಿರದಲ್ಲಿ ಅದು ಹುಟ್ಟಿರುವುದು ಕಷ್ಟ. ಭೂಮಿಯ ಸುಮಾರು ಹತ್ತು ಪಟ್ಟು ತೂಗುವ ತಿರುಳು ಕಟ್ಟಲು ಬೇಕಾದ ಹಿಮ ಸಿಗುವುದು, ನೀರು ಹೆಪ್ಪುಗಟ್ಟಿ ಉಳಿಯುವಷ್ಟು ತಂಪು ಶುರುವಾಗುವ ಹಿಮರೇಖೆಯ ಆಚೆ. ಆ ತಿರುಳು ಸುತ್ತಲಿನ ಅನಿಲವನ್ನು ಸೆಳೆದುಕೊಳ್ಳುವ ಕೆಲಸವೂ ಧೂಳು-ಅನಿಲಗಳ ತಟ್ಟೆ ಚದುರುವ ಮೊದಲೇ, ಕೆಲವೇ ದಶಲಕ್ಷ ವರ್ಷಗಳಲ್ಲಿ ಮುಗಿಯಬೇಕು. ಹೊರಗೆ ಹುಟ್ಟಿದ ಗ್ರಹ ಒಳಗೆ ಬಂದದ್ದು ಯಾವ ದಾರಿಯಲ್ಲಿ?

ತಟ್ಟೆಯ ಅನಿಲಕ್ಕೆ ತನ್ನ ಕೋನೀಯ ಸಂವೇಗವನ್ನು ಬಿಟ್ಟುಕೊಡುತ್ತ ಗ್ರಹ ಮೆಲ್ಲನೆ ಒಳಸರಿದಿರಬಹುದು. ಆಗ ಕಕ್ಷೆ ಹೆಚ್ಚುಕಡಿಮೆ ದುಂಡಗೇ ಉಳಿಯುತ್ತದೆ. ಇಲ್ಲವೇ ನೆರೆಯ ಗ್ರಹದ ಅಥವಾ ಜೊತೆ ನಕ್ಷತ್ರದ ಸೆಳೆತಕ್ಕೆ ಕಕ್ಷೆ ನೀಳವಾಗಿ, ನಕ್ಷತ್ರದ ಬಳಿ ಹಾಯುವಾಗಲೆಲ್ಲ ಉಬ್ಬರದ ಬಲ ಗ್ರಹದ ಒಡಲನ್ನು ಜಗ್ಗಿ, ಕಕ್ಷೆಯ ಶಕ್ತಿಯನ್ನು ಶಾಖವಾಗಿ ಕರಗಿಸಿರಬಹುದು. ಕೊನೆಗೆ ಈ ಕಕ್ಷೆಯೂ ದುಂಡಗಾಗುತ್ತದೆ. ಬಂದ ದಾರಿಯ ಗುರುತು ಬಹುಪಾಲು ಅಳಿಸಿಹೋಗುತ್ತದೆ. ನಡುದಾರಿಯಲ್ಲಿರುವಂತೆ ಕಾಣುವ ಒಂದೇ ಒಂದು ಗ್ರಹ, ದುಂಡು ಕಕ್ಷೆಯ ಹತ್ತಾರು ಗ್ರಹಗಳಿಗಿಂತ ಹೆಚ್ಚು ಹೇಳಬಲ್ಲದೆಂದು ನಾನು ಭಾವಿಸುವುದು ಇದಕ್ಕಾಗಿಯೇ.

ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಎಚ್‌ಡಿ 80606 ಬಿ ಅಂಥದ್ದು. 2001ರಲ್ಲಿ ಪತ್ತೆಯಾದ ಇದರ ತೂಕ ಗುರುವಿನ ಸುಮಾರು ನಾಲ್ಕು ಪಟ್ಟು, ಸುತ್ತಿನ ಅವಧಿ 111 ದಿನ, ಕಕ್ಷೆಯ ಉತ್ಕೇಂದ್ರತೆ 0.93. ದೂರದ ತುದಿಯಲ್ಲಿ ನಕ್ಷತ್ರದಿಂದ ಸುಮಾರು 13 ಕೋಟಿ ಕಿಲೋಮೀಟರ್ ಆಚೆಗಿರುವ ಗ್ರಹ, ಸಮೀಪ ಬಿಂದುವಿಗೆ ಬಂದಾಗ 45 ಲಕ್ಷ ಕಿಲೋಮೀಟರ್ ಆಸುಪಾಸಿನಲ್ಲಿರುತ್ತದೆ. 2007ರ ನವೆಂಬರ್‌ನಲ್ಲಿ ಈ ಸಮೀಪಗಮನವನ್ನು ಸ್ಪಿಟ್ಜರ್ ದೂರದರ್ಶಕ ಅವಕೆಂಪು ಬೆಳಕಿನಲ್ಲಿ ಹಿಂಬಾಲಿಸಿತು. ಸುಮಾರು 800 ಕೆಲ್ವಿನ್‌ನಲ್ಲಿದ್ದ ವಾಯುಮಂಡಲ ಆರೇ ತಾಸಿನಲ್ಲಿ 1500 ಕೆಲ್ವಿನ್‌ಗೆ ಏರಿತ್ತು! ಒಂದು ಗ್ರಹದ ಹವೆ ಹೀಗೆ ಕಣ್ಣೆದುರೇ ಕಾದದ್ದನ್ನು ಆ ಮಾಪನದ ರೇಖೆಯಲ್ಲಿ ನೋಡುವಾಗ ಈಗಲೂ ಮೈ ನವಿರೇಳುತ್ತದೆ.

ಕಕ್ಷೆಯನ್ನು ಇಷ್ಟು ನೀಳವಾಗಿಸಿದ್ದು ಜೊತೆ ನಕ್ಷತ್ರ ಎಚ್‌ಡಿ 80607 ಎಂದು ಯಾನ್‌ಚಿನ್ ವೂ ಮತ್ತು ನಾರ್ಮನ್ ಮರ್ರೆ 2003ರಲ್ಲಿ ವಾದಿಸಿದರು. ಗ್ರಹದ ಕಕ್ಷೆ ನಕ್ಷತ್ರದ ಸಮಭಾಜಕಕ್ಕೆ ಓರೆಯಾಗಿರುವುದು ಆ ವಾದಕ್ಕೆ ಪುಷ್ಟಿ ಕೊಡುತ್ತದೆ.

ಆದರೆ 2016ರಲ್ಲಿ ಜೂಲಿಯನ್ ಡಿ ವಿಟ್ ಮತ್ತು ಸಂಗಡಿಗರ ವಿಶ್ಲೇಷಣೆ ಹೊಸ ತೊಡಕನ್ನು ತಂದಿತು. ಉಬ್ಬರದಿಂದ ಈ ಗ್ರಹ ಕಳೆದುಕೊಳ್ಳುತ್ತಿರುವ ಶಕ್ತಿ ಎಣಿಸಿದ್ದಕ್ಕಿಂತ ತೀರ ಕಡಿಮೆ. ಇದೇ ಗತಿಯಲ್ಲಿ ಕಕ್ಷೆ ದುಂಡಗಾಗಲು 1000 ಕೋಟಿ ವರ್ಷಗಳೇ ಬೇಕಾದೀತು. ದೈತ್ಯ ಗ್ರಹಗಳ ಒಡಲೆಲ್ಲ ಇಷ್ಟೇ ಬಿಗಿಯಾದುದಾದರೆ, 51 ಪೆಗಸಿಯ ಗ್ರಹ ಉಬ್ಬರದ ದಾರಿಯಲ್ಲಿ ಬಂತೆನ್ನುವುದು ಸುಲಭವಲ್ಲ. ಅದರ ಮಟ್ಟಿಗಾದರೂ ತಟ್ಟೆಯ ದಾರಿಯನ್ನು ಮತ್ತೆ ತೂಗಿ ನೋಡಬೇಕಾಗುತ್ತದೆ.