ಅಂತರಗಂಗೆ

ಕೋಲಾರದವರಿಗೆ ಅಂತರಗಂಗೆ ಎಂದರೆ ಬೆಟ್ಟ; ಶತಶೃಂಗದ ಸಾಲಿನಲ್ಲಿ ಕಲ್ಲಿನ ಬಸವನ ಬಾಯಿಂದ ಸುರಿಯುವ ನೀರು. ‘ಅಂತರ’ ಎಂದರೆ ಒಳಗಿನದು, ನಡುವಿನದು. ಬೆಟ್ಟದೊಳಗಿಂದ ಬರುವ ಗಂಗೆಗೆ ಆ ಹೆಸರು ಸಲ್ಲುತ್ತದೆ.

ಕನ್ನಡದಲ್ಲಿ ಇದೇ ಹೆಸರಿನ ಒಂದು ಗಿಡವೂ ಇದೆ. ನೀರಿನ ಮೇಲೆ ಎಲೆಕೋಸಿನಂತೆ ಅರಳಿ ತೇಲುವ ಪಿಸ್ಟಿಯಾ. ಬೇರು ನೆಲ ಮುಟ್ಟದೆ ನೀರಿನ ನಡುವೆಯೇ ಜೋಲುತ್ತದೆ. ನೇರಳೆ ಹೂವಿನ ವಾಟರ್ ಹಯಸಿಂತ್‌ಗೂ ಜನ ಇದೇ ಹೆಸರು ಹಚ್ಚಿದ್ದಾರೆ. ಅದು ದಕ್ಷಿಣ ಅಮೆರಿಕದಿಂದ ಬಂದ ಬೇರೆಯೇ ಗಿಡ.

ಆ ಜೋಲುವ ಬೇರಿನಲ್ಲೇ ಇರುವುದು ಸ್ವಾರಸ್ಯ. ಅದರ ಕೂದಲಿನಂಥ ಎಳೆಗಳ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಪದರ ಕಟ್ಟಿಕೊಂಡು ಬದುಕುತ್ತವೆ. ಬೇರು ಅವಕ್ಕೆ ಒಂದಿಷ್ಟು ಆಮ್ಲಜನಕ, ಸಕ್ಕರೆ ಕೊಡುತ್ತದೆ. ಅವು ಕೊಳೆಯನ್ನು ಒಡೆದು, ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಸಾರಜನಕ, ರಂಜಕಗಳನ್ನು ಗಿಡ ಹೀರಿಕೊಳ್ಳುತ್ತದೆ. ಸೀಸ, ಕ್ರೋಮಿಯಂನಂಥ ಲೋಹಗಳನ್ನೂ ಬಿಡುವುದಿಲ್ಲ.

ಗಿಡದ ಈ ಗುಣ ಕೋಲಾರದ ಕೆರೆಗಳಿಗೆ ಈಗ ಮುಖ್ಯ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಇದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಮಾತ್ರ ಶುದ್ಧಗೊಳಿಸಿದ ನೀರು. ಮೂರನೆಯ ಹಂತ ಬೇಕೆಂಬ ಕೂಗು ಜಿಲ್ಲೆಯಲ್ಲಿ ಮೊದಲಿನಿಂದಲೂ ಇದೆ, ಅದು ನ್ಯಾಯವೂ ಹೌದು. ಆ ನೀರಿನಲ್ಲಿ ಉಳಿದ ರಂಜಕ, ಸಾರಜನಕ ತೇಲುಗಿಡಗಳಿಗೆ ಹಬ್ಬದೂಟ.

ಆದರೆ ಗಿಡ ಶುದ್ಧೀಕರಣ ಯಂತ್ರಕ್ಕೆ ಬದಲಿಯಲ್ಲ. ಕೆರೆ ತುಂಬ ಹರಡಿದರೆ ಬೆಳಕು ಸಾಯುತ್ತದೆ, ಮೀನಿಗೆ ಉಸಿರಿಲ್ಲ. ಅಲ್ಲೇ ಕೊಳೆತರೆ ಹೀರಿದ್ದೆಲ್ಲ ಮತ್ತೆ ನೀರಿಗೆ. ಕಾಲಕಾಲಕ್ಕೆ ಕಿತ್ತು ದಡಕ್ಕೆ ಹಾಕಬೇಕು. ಹಾಗೆ ಕಿತ್ತ ಸೊಪ್ಪನ್ನು, ಲೋಹದ ಪರೀಕ್ಷೆಯಾಗದೆ, ದನಕ್ಕೆ ಹಾಕಬೇಡಿ.