ಟ್ರ್ಯಾಕ್ಟರ್, ವಾಹನಗಳ ಬಲ್ಬು: ದುಬಾರಿಯಾಗುವುದು ಎಲ್ಲಿ?

ರಾಯಚೂರು: ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಭಾಗದಲ್ಲಿ ಭತ್ತದ ಕಟಾವು, ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗ ಭಾಗದಲ್ಲಿ ಹತ್ತಿ ಬಿಡಿಸುವ ಕೆಲಸ ಆರಂಭವಾಯಿತೆಂದರೆ ಟ್ರ್ಯಾಕ್ಟರುಗಳಿಗೆ ಹಗಲು ರಾತ್ರಿಗಳ ಭೇದ ಉಳಿಯುವುದಿಲ್ಲ. ಗದ್ದೆಯಿಂದ ಕಣಕ್ಕೆ, ಕಣದಿಂದ ರೈಸ್‌ಮಿಲ್ಲಿಗೆ, ಊರಿನಿಂದ ರಾಯಚೂರಿನ ಹತ್ತಿ ಮಾರುಕಟ್ಟೆಗೆ ಸಾಗುವ ಟ್ರಾಲಿಗಳ ಸಾಲು ಕತ್ತಲಾದ ಮೇಲೆಯೂ ರಸ್ತೆಯ ಮೇಲೆ ಇರುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಉಳುಮೆಗೂ ರಾತ್ರಿಯ ತಂಪನ್ನೇ ಆಶ್ರಯಿಸುವವರು ಕಡಿಮೆಯಿಲ್ಲ. ಇಂಥ ವೇಳೆಯಲ್ಲಿ ಹೆಡ್‌ಲೈಟಿನ ಬಲ್ಬು ಸುಟ್ಟುಹೋದರೆ ಕೆಲಸ ನಿಲ್ಲಬೇಕು, ಇಲ್ಲವೇ ಕತ್ತಲಲ್ಲೇ ಸಾಗಬೇಕು. ಬಹಳಷ್ಟು ಮಂದಿ ಎರಡನೆಯದನ್ನು ಆರಿಸಿಕೊಳ್ಳುತ್ತಾರೆ ಎಂಬುದಕ್ಕೆ ರಸ್ತೆಗಳೇ ಸಾಕ್ಷಿ.

ಕಾರಣ ಕೇಳಿದರೆ ಸಿಗುವ ಉತ್ತರ ಒಂದೇ: ಬಲ್ಬು ದುಬಾರಿ, ಹಾಕಿದರೂ ನಿಲ್ಲುವುದಿಲ್ಲ. ಈ ಮಾತಿನ ಎರಡು ಭಾಗಗಳನ್ನೂ ಬೇರೆಬೇರೆಯಾಗಿ ನೋಡುವುದು ಅವಶ್ಯ. ಒಂದು ಬಲ್ಬಿನ ಬೆಲೆ ಬೇರೆ, ಒಂದು ವರ್ಷದಲ್ಲಿ ಬಲ್ಬಿಗಾಗಿ ಕೈಬಿಡುವ ಹಣ ಬೇರೆ.

ವಾಹನದ ಹೆಸರಲ್ಲ, ಬಲ್ಬಿನ ಸಂಖ್ಯೆ

ಅಂಗಡಿಗೆ ಹೋಗಿ ಟ್ರ್ಯಾಕ್ಟರಿನ ಕಂಪನಿ ಮತ್ತು ಮಾಡೆಲ್ ಹೇಳಿ ಬಲ್ಬು ಕೇಳುವುದು ರೂಢಿ. ವಾಸ್ತವವಾಗಿ ಟ್ರ್ಯಾಕ್ಟರ್ ಕಂಪನಿಗಳು ಬಲ್ಬು ತಯಾರಿಸುವುದಿಲ್ಲ. ಬಲ್ಬು ತಯಾರಕರಿಂದ ಕೊಂಡು ತಮ್ಮ ಹೆಸರಿನ ಡಬ್ಬಿಯಲ್ಲಿ ಹಾಕಿ ಮಾರುತ್ತವೆ. ಅದೇ ತಯಾರಕರ ಅದೇ ಬಗೆಯ ಬಲ್ಬು ಪಕ್ಕದ ಅಂಗಡಿಯಲ್ಲಿ ಬೇರೆ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ದೊರೆಯುವುದುಂಟು. ಜಗತ್ತಿನಾದ್ಯಂತ ಬಲ್ಬುಗಳನ್ನು ಗುರುತಿಸುವುದು ಅವುಗಳ ಲೋಹದ ಬುಡದ ಮೇಲೆ ಅಚ್ಚಾದ ಸಂಖ್ಯೆಯಿಂದ. ಹಳೆಯ ಬಲ್ಬನ್ನು ಎಸೆಯದೆ ಅಂಗಡಿಗೆ ಒಯ್ದರೆ ಅರ್ಧ ಚೌಕಾಶಿ ಅಲ್ಲಿಗೇ ಮುಗಿದಂತೆ.

ಈಗಿನ ಬಹುತೇಕ ಟ್ರ್ಯಾಕ್ಟರ್, ಜೀಪು, ಹಳೆಯ ಕಾರುಗಳ ಹೆಡ್‌ಲೈಟಿನಲ್ಲಿರುವುದು ಎಚ್4 ಎಂಬ ಹ್ಯಾಲೊಜೆನ್ ಬಲ್ಬು. ಮೂರು ಕಾಲುಗಳ, ಎರಡು ತಂತುಗಳ ಈ ಬಲ್ಬಿನ ಮೇಲೆ 12 ವೋಲ್ಟ್, 60/55 ವ್ಯಾಟ್ ಎಂದು ಬರೆದಿರುತ್ತದೆ. 60 ದೂರದ ಬೆಳಕಿಗೆ, 55 ಡಿಮ್ ಬೆಳಕಿಗೆ. ಲಾರಿಗಳಲ್ಲಿ 24 ವೋಲ್ಟ್‌ನ 75/70 ವ್ಯಾಟ್ ಬಲ್ಬು ಬಳಕೆಯಲ್ಲಿದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಹ್ಯಾಲೊಜೆನ್ ಅಲ್ಲದ, ಅಗಲ ಬುಡದ 45/40 ವ್ಯಾಟ್ ಬಲ್ಬು ಇನ್ನೂ ಉಳಿದಿದೆ. ಹಿಂಬದಿಯ ಕೆಂಪು ದೀಪ ಮತ್ತು ಬ್ರೇಕ್ ದೀಪ ಎರಡನ್ನೂ ನಡೆಸುವುದು 21/5 ವ್ಯಾಟ್‌ನ ಎರಡು ತಂತಿನ ಬಲ್ಬು, ಇಂಡಿಕೇಟರಿನದು 21 ವ್ಯಾಟ್‌ನ ಒಂಟಿ ತಂತಿನದು. ಇವೆರಡೂ ನೋಟಕ್ಕೆ ಒಂದೇ ರೀತಿ ಇದ್ದರೂ ಬುಡದ ಮೊಳೆಗಳ ಎತ್ತರದಲ್ಲಿ ವ್ಯತ್ಯಾಸವಿದೆ. ಮೊಳೆ ಕೂರಲಿಲ್ಲವೆಂದು ಒತ್ತಿ ತಿರುಗಿಸಿ ಹೋಲ್ಡರ್ ಮುರಿಯುವುದು ಗ್ಯಾರೇಜುಗಳಲ್ಲಿ ನಿತ್ಯದ ನೋಟ. ಆ ಹೋಲ್ಡರಿನ ಬೆಲೆ ಬಲ್ಬಿಗಿಂತ ಹೆಚ್ಚು.

ಬೆಲೆ ಏರುವುದು ಹೇಗೆ

ಹೆಸರಾಂತ ಕಂಪನಿಯ ಸಾಮಾನ್ಯ ಎಚ್4 ಬಲ್ಬು ಇನ್ನೂರು ರೂಪಾಯಿ ಆಸುಪಾಸಿನ ಸರಕು. ಹಿಂಬದಿಯ ಸಣ್ಣ ಬಲ್ಬುಗಳದು ಅದರ ಒಂದು ಚಿಕ್ಕ ಪಾಲು ಮಾತ್ರ. ಇದರ ಮೇಲೆ ಡಬ್ಬಿಯ ಹೆಸರು, 'ಹೆಚ್ಚು ಬಿಳುಪು', 'ಹೆಚ್ಚು ದೂರ' ಎಂಬ ವಿಶೇಷಣಗಳು ಸೇರಿದಂತೆ ಬೆಲೆ ಏರುತ್ತದೆ. ಹೆಚ್ಚು ಬೆಳಕಿನ ಭರವಸೆ ನೀಡುವ ದುಬಾರಿ ಹ್ಯಾಲೊಜೆನ್ ಬಲ್ಬುಗಳಲ್ಲಿ ತಂತು ಹೆಚ್ಚು ಕಾಯುವುದರಿಂದ ಅವುಗಳ ಆಯುಷ್ಯ ಸಾಮಾನ್ಯ ಬಲ್ಬಿಗಿಂತ ಕಡಿಮೆಯೆಂಬುದನ್ನು ಡಬ್ಬಿ ದೊಡ್ಡ ಅಕ್ಷರಗಳಲ್ಲಿ ಹೇಳುವುದಿಲ್ಲ. ಕುಲುಕಾಟದ ಟ್ರ್ಯಾಕ್ಟರಿಗೆ ಅವು ತಕ್ಕವಲ್ಲ.

ತಯಾರಿಕೆ ಪರದೇಶದ್ದು, ಆದುದರಿಂದ ಬೆಲೆ ಹೆಚ್ಚು ಎಂಬ ಮಾತಿಗೂ ಪೂರ್ಣ ಆಧಾರವಿಲ್ಲ. ನೊಯಿಡಾದ ಫೀನಿಕ್ಸ್ ಲ್ಯಾಂಪ್ಸ್ ದಶಕಗಳಿಂದ ವಾಹನಗಳ ಹ್ಯಾಲೊಜೆನ್ ಬಲ್ಬು ತಯಾರಿಸುತ್ತ ಬಂದ ಸಂಸ್ಥೆ. 2015ರಲ್ಲಿ ಅದರ ಬಹುಪಾಲನ್ನು ಕೊಂಡದ್ದು ಕೇಬಲ್ ತಯಾರಿಕೆಗೆ ಹೆಸರಾದ ಬೆಂಗಳೂರಿನ ಸುಪ್ರಜಿತ್ ಇಂಜಿನಿಯರಿಂಗ್.

ತೆರಿಗೆಯ ವಿಷಯದಲ್ಲಿ ರೈತರಿಗೆ ಒಂದು ನಿರಾಶೆ ಕಾದಿದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಟ್ರ್ಯಾಕ್ಟರಿನ ಟೈರು, ಟ್ಯೂಬು, ಗೇರ್‌ಬಾಕ್ಸ್, ಕ್ಲಚ್, ಬ್ರೇಕ್, ರೇಡಿಯೇಟರ್ ಮುಂತಾಗಿ ಹೆಸರಿಸಿದ ಬಿಡಿಭಾಗಗಳಿಗೂ ಶೇ. 18ರ ಬದಲು ಶೇ. 5 ಅನ್ವಯವಾಯಿತು. ಬಲ್ಬು ಆ ಪಟ್ಟಿಯಲ್ಲಿಲ್ಲ. ತೆರಿಗೆಯ ಲೆಕ್ಕದಲ್ಲಿ ಬಲ್ಬು ವಿದ್ಯುತ್ ಸಾಮಗ್ರಿಯೇ ಹೊರತು ಟ್ರ್ಯಾಕ್ಟರಿನ ಅಂಗವಲ್ಲ. ಕಾರಿಗೂ ಟ್ರ್ಯಾಕ್ಟರಿಗೂ ಒಂದೇ ಬಲ್ಬು ಆಗುವುದರಿಂದ ಬೇರ್ಪಡಿಸುವುದು ಕಷ್ಟವೆಂಬುದು ನಿಜ. ಆದರೂ ರಾತ್ರಿ ದುಡಿಯುವ ಯಂತ್ರಕ್ಕೆ ದೀಪ ಅಂಗವಲ್ಲವೆಂಬುದು ವಿಚಿತ್ರವೇ ಸರಿ.

ಇವೆಲ್ಲಕ್ಕಿಂತ ದೊಡ್ಡ ಖರ್ಚು ದೂರದ್ದು. ಮಾನ್ವಿಯಿಂದ ರಾಯಚೂರಿಗೆ ಸುಮಾರು 45 ಕಿ.ಮೀ., ದೇವದುರ್ಗದಿಂದ 50 ಕಿ.ಮೀ.ಗೂ ಹೆಚ್ಚು. ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಬೇಕಾದ ಬಲ್ಬು ಇಲ್ಲದಿದ್ದರೆ ಬಸ್ಸಿನ ಖರ್ಚು, ಒಂದು ದಿನದ ದುಡಿಮೆ ಎರಡನ್ನೂ ಬಲ್ಬಿನ ಬೆಲೆಗೆ ಸೇರಿಸಬೇಕು. ಹೀಗಾಗಿಯೇ ಸಿಕ್ಕ ಬೆಲೆಗೆ ಸಿಕ್ಕ ಬಲ್ಬು ಕೊಳ್ಳುವವರು ಹೆಚ್ಚು, ಡೂಪ್ಲಿಕೇಟ್ ಮಾಲು ಸಾಗುವುದೂ ಇಲ್ಲಿಯೇ. ಸುಗ್ಗಿಗೆ ಮೊದಲು ಎರಡು ಹೆಡ್‌ಲೈಟ್ ಬಲ್ಬು, ನಾಲ್ಕು ಸಣ್ಣ ಬಲ್ಬು, ಕೆಲವು ಫ್ಯೂಜು ತಂದು ಟೂಲ್‌ಬಾಕ್ಸಿನಲ್ಲಿ ಬಟ್ಟೆ ಸುತ್ತಿ ಇಟ್ಟುಕೊಳ್ಳುವವನು ಈ ಖರ್ಚಿನಿಂದ ಪಾರಾಗುತ್ತಾನೆ.

ಬಲ್ಬು ನಿಲ್ಲದಿರಲು ಕಾರಣ

ಪದೇ ಪದೇ ಬಲ್ಬು ಸುಡುತ್ತಿದ್ದರೆ ದೋಷ ಬಲ್ಬಿನಲ್ಲಿ ಇರುವುದಕ್ಕಿಂತ ವಾಹನದಲ್ಲಿ ಇರುವ ಸಂಭವವೇ ಹೆಚ್ಚು. ತಂತಿನ ಬಲ್ಬಿಗೆ ವೋಲ್ಟೇಜ್ ಎಂಬುದು ಬಹಳ ಸೂಕ್ಷ್ಮದ ವಿಷಯ. ವೋಲ್ಟೇಜ್ ಶೇ. 5ರಷ್ಟು ಹೆಚ್ಚಿದರೆ ಬಲ್ಬಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. 12 ವೋಲ್ಟ್ ಎಂದು ಬರೆದಿರುವ ಎಚ್4 ಬಲ್ಬಿನ ಬೆಳಕನ್ನು ಅಳೆಯುವುದು 13.2 ವೋಲ್ಟ್‌ನಲ್ಲಿ. ಅದೇ ಬಲ್ಬಿಗೆ 15 ವೋಲ್ಟ್ ತಲುಪಿದರೆ ನೂರು ರಾತ್ರಿ ಬಾಳಬೇಕಾದದ್ದು ಇಪ್ಪತ್ತು ರಾತ್ರಿಗೆ ಮುಗಿಯುತ್ತದೆ.

ಇದನ್ನು ಪರೀಕ್ಷಿಸುವುದು ಯಾವುದೇ ಆಟೊ ಎಲೆಕ್ಟ್ರಿಷಿಯನ್ನಿಗೆ ಐದು ನಿಮಿಷದ ಕೆಲಸ. ಇಂಜಿನ್ ನಿಂತಾಗ ಪೂರ್ಣ ಚಾರ್ಜಾದ ಬ್ಯಾಟರಿಯ ಎರಡು ತುದಿಗಳ ನಡುವೆ ಮೀಟರ್ 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ 13.8ರಿಂದ 14.4ರೊಳಗೆ ಇರಬೇಕು. ರೇಸ್ ಹೆಚ್ಚಿಸಿದಂತೆ 15ರತ್ತ ಏರುತ್ತ ಹೋದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿದೆ ಎಂದೇ ಅರ್ಥ. ಎರಡೂ ಹೆಡ್‌ಲೈಟುಗಳು ಒಂದೇ ವಾರದಲ್ಲಿ ಸುಟ್ಟರೆ, ಬ್ಯಾಟರಿಯ ನೀರು ಬೇಗ ಇಂಗುತ್ತಿದ್ದರೆ ಮೀಟರಿಗೂ ಮೊದಲು ಅನುಮಾನ ಹುಟ್ಟಬೇಕು. ರೆಗ್ಯುಲೇಟರ್ ಬದಲಿಸದೆ ಹೊಸ ಬಲ್ಬು ಹಾಕುವುದು ತಳ ತೂತಾದ ಕೊಡಕ್ಕೆ ನೀರು ತುಂಬಿದಂತೆ.

ಇನ್ನೊಂದು ರೂಢಿ ಇದಕ್ಕಿಂತ ಅಪಾಯಕಾರಿ. ಬ್ಯಾಟರಿ ಸತ್ತಿದ್ದರೆ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಿಸಿ ಇಂಜಿನ್ ಚಾಲೂ ಮಾಡುವುದು ಎಲ್ಲ ಊರುಗಳಲ್ಲೂ ಉಂಟು. ಅಷ್ಟಕ್ಕೇ ನಿಂತರೆ ಚಿಂತೆಯಿಲ್ಲ. ಬ್ಯಾಟರಿಯನ್ನೇ ಕಳಚಿ ಮನೆಯಲ್ಲಿಟ್ಟು, ಇಲ್ಲವೇ ಟರ್ಮಿನಲ್ ಸಡಿಲವಿರುವಾಗ ಇಂಜಿನ್ ಓಡಿಸಿ ಲೈಟು ಹಾಕಿದರೆ ಆಲ್ಟರ್ನೇಟರಿನ ಏರಿಳಿತವನ್ನು ತಡೆಯುವವರು ಯಾರೂ ಇರುವುದಿಲ್ಲ. ಕ್ಷಣಮಾತ್ರದಲ್ಲಿ ಇರುವ ಬಲ್ಬುಗಳೆಲ್ಲ ಸುಡಬಹುದು, ಆಲ್ಟರ್ನೇಟರಿನ ಡಯೋಡುಗಳೂ ಹೋಗಬಹುದು.

ಒಂದು ಕಡೆಯ ಬಲ್ಬು ಮಾತ್ರ ಮತ್ತೆ ಮತ್ತೆ ಹೋಗುತ್ತಿದ್ದರೆ ನೋಡಬೇಕಾದ್ದು ಬೇರೆ. ಸ್ಪ್ರಿಂಗ್ ಕ್ಲಿಪ್ ಸಡಿಲವಾಗಿ ಬಲ್ಬು ಅಲುಗಾಡುತ್ತಿರಬಹುದು, ಹಿಂಬದಿಯ ರಬ್ಬರ್ ಕವಚ ಹರಿದು ನೀರು ಹೊಕ್ಕಿರಬಹುದು. ಗದ್ದೆ ಕೆಸರು ಮಾಡುವ ಕೇಜ್‌ವ್ಹೀಲನ್ನು ಕಳಚದೆ ಗಟ್ಟಿ ರಸ್ತೆಯಲ್ಲಿ ಓಡಿಸಿದಾಗ ಉಂಟಾಗುವ ಕುಲುಕಾಟಕ್ಕೆ ಕಾದ ತಂತು ತುಂಡಾಗುವುದು ಸಹಜ. ಟ್ರ್ಯಾಕ್ಟರನ್ನು ಕಾಲುವೆಗೆ ಇಳಿಸಿ ತೊಳೆಯುವಾಗ ದೀಪದ ಬುಡ್ಡೆಯೊಳಗೆ ನೀರು ಸೇರುತ್ತದೆ, ಪ್ರತಿಫಲಕದ ಹೊಳಪು ಹೋಗುತ್ತದೆ, ಬಲ್ಬು ಹೊಸದಾದರೂ ಬೆಳಕು ಮಂಕಾಗುತ್ತದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಿದರೆ ಬೆರಳಿನ ಜಿಡ್ಡು ಅಂಟಿದ ಜಾಗ ಬಿಸಿಗೆ ಕೆಟ್ಟು ಗಾಜು ದುರ್ಬಲವಾಗುತ್ತದೆ. ಗ್ರೀಸ್ ಕೈಯಲ್ಲೇ ಬಲ್ಬು ಹಾಕುವ ಮೆಕ್ಯಾನಿಕ್ಕಿಗೆ ಇದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ.

ಮಂದ ಬೆಳಕಿಗೆ ತಪ್ಪು ಮದ್ದು

ಬೆಳಕು ಸಾಲದೆಂದು 100/90 ವ್ಯಾಟ್ ಬಲ್ಬು ಹಾಕಿಸುವವರು ಅನೇಕರು. ಎರಡು 60 ವ್ಯಾಟ್ ಬಲ್ಬುಗಳು 12 ವೋಲ್ಟ್ ಲೆಕ್ಕದಲ್ಲಿ 10 ಆಂಪಿಯರ್ ಎಳೆದರೆ ಎರಡು 100 ವ್ಯಾಟ್ ಬಲ್ಬುಗಳು ಸುಮಾರು 17 ಆಂಪಿಯರ್ ಎಳೆಯುತ್ತವೆ. ಮೂಲ ವೈರು, ಸ್ವಿಚ್ಚು, ಹೋಲ್ಡರುಗಳನ್ನು ಅಷ್ಟಕ್ಕೆ ಮಾಡಿರುವುದಿಲ್ಲ. ಮೊದಲು ಸ್ವಿಚ್ಚು ಬಿಸಿಯಾಗುತ್ತದೆ, ಬಳಿಕ ಹೋಲ್ಡರ್ ಕರಗುತ್ತದೆ. ಫ್ಯೂಜಿನ ಬದಲು ತಂತಿ ಸುತ್ತಿದ್ದರೆ ಹತ್ತಿ ತುಂಬಿದ ಟ್ರಾಲಿಯ ಮುಂದೆ ವೈರು ಹೊತ್ತಿಕೊಳ್ಳುವ ಸಾಧ್ಯತೆಯನ್ನೂ ಎಣಿಸಬೇಕು.

ನಿಜವಾದ ಮದ್ದು ಅಗ್ಗದ್ದು. ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಸುಮಾರು ಶೇ. 30 ಕುಗ್ಗುತ್ತದೆ. ಈ ಕೊರತೆ ಹುಟ್ಟುವುದು ತುಕ್ಕು ಹಿಡಿದ ಅರ್ಥಿಂಗ್, ಹಸಿರುಗಟ್ಟಿದ ಜೋಡಣೆ, ಸವೆದ ಸ್ವಿಚ್ಚುಗಳಲ್ಲಿ. ಅರ್ಥಿಂಗ್ ತುದಿಯನ್ನು ಉಜ್ಜಿ ಬಿಗಿಮಾಡಿ, ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದು ಫ್ಯೂಜು ಮತ್ತು ರಿಲೇ ಹಾಕಿಸಿದರೆ 60/55 ಬಲ್ಬೇ ಹೊಸ ಬೆಳಕು ಕೊಡುತ್ತದೆ.

ಹ್ಯಾಲೊಜೆನ್ ಬುಡ್ಡೆಯೊಳಗೆ ತುರುಕುವ ಎಲ್‌ಇಡಿ ಬಲ್ಬುಗಳ ಕಥೆ ಬೇರೆ. ವಿದ್ಯುತ್ ಉಳಿತಾಯ ನಿಜ, ಕುಲುಕಾಟಕ್ಕೆ ಸುಡುವ ತಂತಿಲ್ಲವೆಂಬುದೂ ನಿಜ. ಆದರೆ ತಂತಿನ ಸ್ಥಾನಕ್ಕೆ ಲೆಕ್ಕಹಾಕಿ ಮಾಡಿದ ಪ್ರತಿಫಲಕದಲ್ಲಿ ಅವುಗಳ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಡಿಮ್ ಮಾಡಿದ ದೀಪ 8 ಮೀಟರ್ ದೂರದಲ್ಲಿರುವವರ ಕಣ್ಣು ಕೋರೈಸಬಾರದು ಎಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಸಾರ. ಕರ್ನಾಟಕ ಪೊಲೀಸರು 2024ರ ಜುಲೈಯಿಂದ ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ಪ್ರಕರಣ ದಾಖಲಿಸತೊಡಗಿದರು.

ಕಾರ್ಖಾನೆಯಿಂದಲೇ ಎಲ್‌ಇಡಿ ದೀಪ ಬಂದ ಹೊಸ ವಾಹನಗಳಲ್ಲಿ ಕಣ್ಣು ಕುಕ್ಕುವ ದೋಷವಿಲ್ಲ, ಆದರೆ ನಿಜವಾದ ದುಬಾರಿತನ ಇರುವುದು ಅಲ್ಲಿಯೇ. ಅನೇಕ ಮಾಡೆಲುಗಳಲ್ಲಿ ಬಲ್ಬು ಎಂಬ ಪ್ರತ್ಯೇಕ ವಸ್ತುವೇ ಇಲ್ಲ. ಒಂದು ಎಲ್‌ಇಡಿ ಕೆಟ್ಟರೂ ಇಡೀ ಬುಡ್ಡೆ ಬದಲಿಸಬೇಕು, ಲೆಕ್ಕ ನೂರುಗಳಿಂದ ಸಾವಿರಗಳಿಗೆ ಹಾರುತ್ತದೆ. ಹೊಸ ಟ್ರ್ಯಾಕ್ಟರ್ ಕೊಳ್ಳುವಾಗ ಡೀಲರರನ್ನು ಎವರೇಜ್, ಹೈಡ್ರಾಲಿಕ್ಸ್ ಕುರಿತು ವಿಚಾರಿಸುವವರು ಹೆಡ್‌ಲೈಟ್ ಬುಡ್ಡೆಯ ಬೆಲೆ ಮತ್ತು ವಾರಂಟಿಯನ್ನೂ ಕೇಳುವುದು ಒಳಿತು. ದ್ವಿಚಕ್ರ ವಾಹನಗಳಿಗೆ 2017ರ ಏಪ್ರಿಲ್ 1ರಿಂದ ಇಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ತಾನಾಗಿ ಉರಿಯುವ ವ್ಯವಸ್ಥೆ ಕಡ್ಡಾಯವಾಗಿದೆ. ಹ್ಯಾಲೊಜೆನ್ ಬಲ್ಬಿನ ಬೈಕುಗಳಲ್ಲಿ ಬಲ್ಬಿನ ಖರ್ಚು ಹೆಚ್ಚಿದ್ದಕ್ಕೆ ಅದೂ ಒಂದು ಕಾರಣ.

ಟ್ರಾಲಿಯ ಹಿಂಭಾಗ

ಮುಂದಿನ ದೀಪ ಚಾಲಕನಿಗೆ ಬೇಕು, ಆದುದರಿಂದ ಎಂದಾದರೂ ಸರಿಹೋಗುತ್ತದೆ. ಟ್ರಾಲಿಯ ಹಿಂದಿನ ದೀಪ ಬೇಕಾದದ್ದು ಹಿಂದೆ ಬರುವವನಿಗೆ, ಅದಕ್ಕೆ ಹಣ ಕೊಡುವವರು ವಿರಳ. ಸೂರ್ಯಾಸ್ತದ ಅರ್ಧ ಗಂಟೆಯ ಬಳಿಕ ದೀಪಗಳು ಉರಿಯಲೇಬೇಕು, ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು ಎನ್ನುತ್ತದೆ 105ನೇ ನಿಯಮ. ಕೆಸರು ಮೆತ್ತಿದ, ವೈರು ಕಿತ್ತ, ಹುಲ್ಲು ಇಳಿಬಿದ್ದ ಟ್ರಾಲಿ ಹತ್ತು ಮೀಟರಿಗೂ ಕಾಣುವುದು ಸಂಶಯ. ಬಲ್ಬಿದ್ದರೂ ಟ್ರ್ಯಾಕ್ಟರಿನಿಂದ ಟ್ರಾಲಿಗೆ ಹೋಗುವ ಪ್ಲಗ್ಗನ್ನು ಚುಚ್ಚುವುದೇ ಮರೆತುಹೋಗಿರುತ್ತದೆ.

ಟೈರು ಪಂಕ್ಚರಾಗಿ ಟ್ರಾಲಿಯನ್ನು ಡಾಂಬರಿನ ಮೇಲೆಯೇ ಬಿಟ್ಟು ಹೋದಾಗ ಈ ಸಣ್ಣ ಬಲ್ಬಿನ ಬೆಲೆ ಬೇರೆಯೇ ಆಗುತ್ತದೆ. ರಾತ್ರಿ ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಅನಿಲ ಟ್ಯಾಂಕರಿಗೆ ಕಾರು ಡಿಕ್ಕಿಯಾದ ಪ್ರಕರಣದಲ್ಲಿ ಕಾರು ಚಾಲಕನದೂ ಅರ್ಧ ತಪ್ಪಿದೆ ಎಂಬ ಹೈಕೋರ್ಟಿನ ನಿಲುವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬ ಊರಿನ ನ್ಯಾಯ ಎಲ್ಲ ವೇಳೆಯೂ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಟ್ರಾಲಿಗೆ ಪ್ರತ್ಯೇಕ ನೋಂದಣಿ, ವಿಮೆ ಇಲ್ಲದಿದ್ದರೆ ಪರಿಹಾರದ ಹೊರೆ ಮಾಲೀಕನ ಹೊಲದ ಮೇಲೆಯೇ ಬರಬಹುದು. ಟ್ರಾಲಿಯ ಹಿಂದೆ ಮತ್ತು ಎರಡೂ ಬದಿಗೆ ಕೆಂಪು, ಹಳದಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಿದರೆ ಬಲ್ಬು ಸುಟ್ಟ ರಾತ್ರಿಯಲ್ಲೂ ಅಷ್ಟು ರಕ್ಷಣೆ ಉಳಿಯುತ್ತದೆ, ಆದರೆ ಅದು ದೀಪಕ್ಕೆ ಬದಲಲ್ಲ.

ಕೊಳ್ಳುವಾಗ

ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು, ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ದೂರವಾಣಿ ಸಂಖ್ಯೆ ಇರಬೇಕೆಂಬುದು 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಕಟ್ಟಳೆ. ಬಿಡಿಯಾಗಿ, ಡಬ್ಬಿಯಿಲ್ಲದೆ ಕೊಡುವ ಬಲ್ಬು ಅಗ್ಗವಾಗಿ ಕಂಡರೂ ಅದರ ಹುಟ್ಟೂರು ಯಾರಿಗೂ ತಿಳಿಯದು. ನಮೂದಿಸಿದ ಬೆಲೆಗಿಂತ ಹೆಚ್ಚು ಪಡೆದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಎರಡಕ್ಕೂ ಅಂಗಡಿಯ ರಸೀದಿ ಮತ್ತು ಖಾಲಿ ಡಬ್ಬಿ ಕೈಯಲ್ಲಿದ್ದರೆ ಕೆಲಸ ಸುಲಭ. ಹಣ ಕೊಡುವ ಮೊದಲು ಅಂಗಡಿಯ ಬ್ಯಾಟರಿಗೆ ಮುಟ್ಟಿಸಿ ಎರಡೂ ತಂತು ಉರಿಯುವುದನ್ನು ನೋಡಿಕೊಳ್ಳಬೇಕು. ಉರಿಸಿ ನೋಡಿ ಒಯ್ದ ಬಲ್ಬನ್ನು ಹಿಂದಕ್ಕೆ ಪಡೆಯುವ ಅಂಗಡಿ ಮೂರೂ ಊರುಗಳಲ್ಲಿ ಸಿಗುವುದು ಕಷ್ಟ.