ಫುಕಗಾವ: ಸುಮಿದಾ ಹೊಳೆಯಾಚೆಯ ಊರು

ಫುಕಗಾವ: ಜಪಾನಿನ ರಾಜಧಾನಿ ಟೋಕಿಯೊ ನಗರದಲ್ಲಿ ಸುಮಿದಾ ನದಿಯ ಪೂರ್ವ ದಡಕ್ಕಿರುವ ಹಳೆಯ ಪೇಟೆ. ಈಗಿನ ಕೋತೊ ವಾರ್ಡಿನ ಪಶ್ಚಿಮ ಭಾಗ. 1947ರವರೆಗೆ ಫುಕಗಾವ ಎಂಬ ಹೆಸರಿನ ಸ್ವತಂತ್ರ ವಾರ್ಡೇ ಇತ್ತು. ಆ ವರ್ಷ ಅದನ್ನು ಪಕ್ಕದ ಜೋತೊ ವಾರ್ಡಿನೊಂದಿಗೆ ಸೇರಿಸಲಾಯಿತು. ನಗರದ ನಟ್ಟನಡುವಿನ ಒತೆಮಾಚಿಯಲ್ಲಿ ತೋಜಾಯ್ ಮೆಟ್ರೊ ಹತ್ತಿದರೆ ಮೂರನೆಯ ನಿಲ್ದಾಣವಾದ ಮೊನ್ಜೆನ್‌ನಾಕಾಚೊದಲ್ಲಿ ಇಳಿಯಬೇಕು. ಆ ಹೆಸರಿಗೆ ‘ಗುಡಿಬಾಗಿಲ ಮುಂದಿನ ನಡುಪೇಟೆ’ ಎಂದು ಅರ್ಥ. ಹೆಸರಿಗೆ ಕಾರಣವಾದ ಎಯ್ತಾಯ್‌ಜಿ ಎಂಬ ದೊಡ್ಡ ಬೌದ್ಧ ದೇವಾಲಯ ಮೇಜಿ ಕಾಲದ ಆರಂಭದಲ್ಲೇ ಇಲ್ಲವಾಯಿತು. ಪೇಟೆ ಮಾತ್ರ ಇಲ್ಲದ ಬಾಗಿಲ ಮುಂದೆ ಇಂದಿಗೂ ವ್ಯಾಪಾರ ಮಾಡುತ್ತಿದೆ.

ಟೋಕಿಯೊದ ಹಿಂದಿನ ರೂಪವಾದ ಎದೊ ನಗರದ ಗಾಳಿ ಬೀಸುವ ಜಾಗವೆಂದು ಪ್ರವಾಸಿಗರು ಇಲ್ಲಿಗೆ ಬರುತ್ತಾರೆ. ಆದರೆ 1945ಕ್ಕಿಂತ ಹಿಂದಿನ ಮನೆ ಹುಡುಕಿದರೆ ಸಿಗುವುದು ಬೆರಳೆಣಿಕೆಯಷ್ಟು. ಇಲ್ಲಿನ ಹಳತನ್ನು ಕಾಲುವೆಗಳ ಗೆರೆಯಲ್ಲಿ, ಸೇತುವೆಗಳ ಹೆಸರಿನಲ್ಲಿ, ಹಬ್ಬದ ಕೂಗಿನಲ್ಲಿ ನೋಡಬೇಕು. ನಗರ ತನ್ನೊಳಗೆ ಇಟ್ಟುಕೊಳ್ಳಲಾರದ್ದನ್ನೆಲ್ಲ ಹೊಳೆಯಾಚೆಗೆ ಕಳಿಸುತ್ತ ಬಂತು. ಆಚೆಯವರು ಅದನ್ನೇ ಕೈಗೆತ್ತಿಕೊಂಡು ತಮ್ಮ ಹೆಮ್ಮೆ ಮಾಡಿಕೊಂಡರು. ಫುಕಗಾವದ ನಾನೂರು ವರ್ಷಗಳಲ್ಲಿ ಎದ್ದು ಕಾಣುವ ಸಂಗತಿ ಇದು.

ಹದಿನಾರನೆಯ ಶತಮಾನದ ಕೊನೆಯಲ್ಲಿ ಇದು ಅಳಿವೆ. ಜೊಂಡು ಬೆಳೆದ ಜೌಗು, ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಏಳುವ ಕೆಸರು. 1590ರಲ್ಲಿ, ಮುಂದೆ ಷೋಗನ್ ಆದ ಟೊಕುಗಾವ ಇಯೆಯಾಸು ಎದೊಗೆ ಬಂದ ಮೇಲೆ ಮಾಡಿಸಿದ ಮೊದಲ ಕೆಲಸಗಳಲ್ಲಿ ಒನಾಗಿ ಕಾಲುವೆ ಒಂದು. ಪೂರ್ವದ ಗ್ಯೋತೊಕು ಉಪ್ಪಿನ ಗದ್ದೆಗಳಿಂದ ಉಪ್ಪು ತರುವ ದೋಣಿಗಳು ಸಮುದ್ರದ ಅಲೆಗೆ ಸಿಗದಿರಲೆಂದು ಅಂದಿನ ಕರಾವಳಿಯುದ್ದಕ್ಕೆ ನೂಲು ಹಿಡಿದಂತೆ ನೇರವಾಗಿ ತೋಡಿದ, ಸುಮಾರು 5 ಕಿಲೋಮೀಟರ್ ಉದ್ದದ ಕಾಲುವೆ. ಅದರ ಬಡಗಲಲ್ಲಿ ಫುಕಗಾವ ಹಚಿರೊಎಮೊನ್ ಎಂಬಾತ ಜೌಗು ಒಣಗಿಸಿ ಗದ್ದೆ ಮಾಡುತ್ತಿದ್ದ. ಬೇಟೆಗೆ ಬಂದ ಇಯೆಯಾಸು ಊರಿನ ಹೆಸರು ಕೇಳಿದನಂತೆ. ಹೊಸ ನೆಲಕ್ಕೆ ಇನ್ನೂ ಹೆಸರಿಲ್ಲ ಎಂದಾಗ, ಹಾಗಾದರೆ ನಿನ್ನ ಮನೆತನದ ಹೆಸರೇ ಇರಲಿ ಎಂದನಂತೆ. ಇದು ಊರಿನವರು ಹೇಳಿಕೊಂಡು ಬಂದ ಕಥೆ.

ಮುಂದಿನ ನೆಲ ಬಂದದ್ದು ಕಸದಿಂದ. 1655ರಲ್ಲಿ ಷೋಗನ್ ಸರ್ಕಾರ ಎದೊದ ಕಸವನ್ನು ಕಾಲುವೆಗಳಿಗೆ ಎಸೆಯದೆ ದೋಣಿಗಳಲ್ಲಿ ಎಯ್ತಾಯ್ ದ್ವೀಪಕ್ಕೆ ಸಾಗಿಸಿ ಸುರಿಯಬೇಕೆಂದು ಆಜ್ಞೆ ಹೊರಡಿಸಿತು. ಅದಾಗಿ ಎರಡೇ ವರ್ಷಕ್ಕೆ, 1657ರಲ್ಲಿ, ಮೇರೆಕಿ ಬೆಂಕಿ ಎದೊದ ಬಹುಭಾಗವನ್ನು ಸುಟ್ಟಿತು. ಕೋಟೆಯ ರಕ್ಷಣೆಗೆಂದು ಸುಮಿದಾ ನದಿಗೆ ಬಹಳ ಮೇಲ್ಗಡೆಯ ಸೆನ್ಜು ಸೇತುವೆಯೊಂದನ್ನು ಬಿಟ್ಟು ಬೇರೆ ಸೇತುವೆಯನ್ನೇ ಕಟ್ಟಿರಲಿಲ್ಲ. ಹಿಂದೆ ಬೆಂಕಿ, ಮುಂದೆ ನೀರು. ನಡುವೆ ಸಿಕ್ಕಿದ ಸಾವಿರಾರು ಜನ ದಡದಲ್ಲೇ ಸತ್ತರು. ಆ ಸಾವಿನಿಂದ ಸರ್ಕಾರ ಪಾಠ ಕಲಿಯಿತು. ಮೊದಲು ರ್‍ಯೋಗೊಕು ಸೇತುವೆ ಎದ್ದಿತು. 1693ರಲ್ಲಿ ಶಿನ್‌ಓಹಾಶಿ, 1698ರಲ್ಲಿ ಎಯ್ತಾಯ್ ಸೇತುವೆ. ಗುಡಿಗಳು, ಸಾಮಂತರ ಬಂಗಲೆಗಳು, ಉಗ್ರಾಣಗಳು ಹೊಳೆ ದಾಟಿ ಬಂದವು.

ಎಯ್ತಾಯ್ ಸೇತುವೆಯ ಕಥೆಯನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. 1719ರಲ್ಲಿ ದುರಸ್ತಿಗೆ ಹಣವಿಲ್ಲವೆಂದು ಸರ್ಕಾರ ಅದನ್ನು ಕೈಬಿಡಲು ಹೊರಟಾಗ, ಪೇಟೆಯ ಜನರೇ ಖರ್ಚು ಹೊರುತ್ತೇವೆಂದು ಬೇಡಿಕೊಂಡು, ದಾಟುವವರಿಂದ ಸುಂಕ ಎತ್ತಿ ಉಳಿಸಿಕೊಂಡರು. ಮರದ ಸೇತುವೆ, ಅಡಿಯಲ್ಲಿ ಉಪ್ಪುನೀರು. ಎಷ್ಟು ತೇಪೆ ಹಾಕಿದರೂ ಸಾಲದು. 1807ರ ಸೆಪ್ಟೆಂಬರಿನಲ್ಲಿ ಬಹಳ ವರ್ಷ ನಿಂತುಹೋಗಿದ್ದ ತೊಮಿಯೊಕಾ ಹಚಿಮನ್ ಗುಡಿಯ ಹಬ್ಬ ಮತ್ತೆ ನಡೆಯಿತು. ಎದೊದ ಕಡೆಯಿಂದ ಜನ ಇರುವೆ ಸಾಲಿನಂತೆ ನುಗ್ಗಿದರು. ಸೇತುವೆಯ ಒಂದು ಅಂಕಣ ಕುಸಿಯಿತು. ಮುಂದೇನಾಯಿತೆಂದು ಹಿಂದಿನವರಿಗೆ ತಿಳಿಯದು, ಅವರು ತಳ್ಳುತ್ತಲೇ ಇದ್ದರು, ಮುಂದಿನವರು ಬೀಳುತ್ತಲೇ ಇದ್ದರು. ಒಬ್ಬ ಸಮುರಾಯ್ ಕತ್ತಿ ಹಿರಿದು ತಲೆಯ ಮೇಲೆ ಬೀಸಿದ ಮೇಲಷ್ಟೇ ಜನ ಬೆದರಿ ಹಿಂದೆ ಸರಿದರೆಂದು ಹೇಳುತ್ತಾರೆ. ನೂರಾರು ಜನ ನೀರುಪಾಲಾದರು. ಈಗಿರುವ ಕಮಾನಿನ ಉಕ್ಕಿನ ಸೇತುವೆ 1926ರದ್ದು. ಅದರ ಮೇಲೆ ನಿಂತರೆ ಬಡಗಲಿಗೆ ನೀಲಿ ಬಣ್ಣದ ಕಿಯೊಸು ತೂಗುಸೇತುವೆ (1928) ಕಾಣುತ್ತದೆ. ಎರಡೂ 1923ರ ಭೂಕಂಪದ ನಂತರದ ಪುನರ್ನಿರ್ಮಾಣದ ಕೂಸುಗಳು.

ಹಚಿಮನ್ ಗುಡಿ 1627ರಲ್ಲಿ ಸ್ಥಾಪನೆಯಾಯಿತು. ಹಣ ಎತ್ತುವ ಸುಮೊ ಪಂದ್ಯಗಳು ಜಗಳಕ್ಕೆ ಕಾರಣವಾಗುತ್ತವೆಂದು ನಿಷೇಧಗೊಂಡಿದ್ದವು. 1684ರಲ್ಲಿ ಅವಕ್ಕೆ ಮತ್ತೆ ಅನುಮತಿ ಸಿಕ್ಕಿದ್ದು ಈ ಗುಡಿಯ ಅಂಗಳದಲ್ಲಿ. ಸುಮೊದ ಅತ್ಯುನ್ನತ ಯೊಕೊಜುನ ಪಟ್ಟ ಪಡೆದ ಜಟ್ಟಿಗಳ ಹೆಸರು ಕೆತ್ತಿದ ದೊಡ್ಡ ಕಲ್ಲು, 1900ರಲ್ಲಿ ನಿಲ್ಲಿಸಿದ್ದು, ಅಲ್ಲೇ ಇದೆ. ಗುಡಿಯ ದೊಡ್ಡ ಹಬ್ಬ ಮೂರು ವರ್ಷಕ್ಕೊಮ್ಮೆ ಆಗಸ್ಟಿನ ಧಗೆಯಲ್ಲಿ ಬರುತ್ತದೆ. ಕೇರಿ ಕೇರಿಯಿಂದ ಐವತ್ತಕ್ಕೂ ಹೆಚ್ಚು ಪಲ್ಲಕ್ಕಿಗಳು ‘ವಸ್ಶೊಯ್, ವಸ್ಶೊಯ್’ ಎಂಬ ಕೂಗಿಗೆ ಹೆಜ್ಜೆ ಹಾಕುತ್ತ ಹೊರಡುತ್ತವೆ. ಬೀದಿಯ ಇಕ್ಕೆಲದಲ್ಲಿ ನಿಂತವರು ಕೊಡ, ಬಕೆಟ್, ರಬ್ಬರ್ ಪೈಪು ಹಿಡಿದು ಹೊರುವವರ ಮೇಲೆ ನೀರೆರಚುತ್ತಾರೆ. ಅಗ್ನಿಶಾಮಕ ದಳದವರು ಬೆಂಕಿ ಆರಿಸುವ ಪೈಪನ್ನೇ ತಿರುಗಿಸುತ್ತಾರೆ. ಇಷ್ಟು ಸಲ ಬೆಂಕಿ ಕಂಡ ಊರಿನಲ್ಲಿ ಆ ಪೈಪು ಹಬ್ಬಕ್ಕೆ ತೆರೆದುಕೊಳ್ಳುವುದನ್ನು ನೋಡುವಾಗ ಕಣ್ಣು ತುಂಬುತ್ತದೆ.

ಪಕ್ಕದ ಫುಕಗಾವ ಫುದೊದೊ ಗುಡಿಗೆ ಭಾರತದ ನಂಟಿದೆ. ಅಲ್ಲಿನ ದೇವರು ಫುದೊ ಮ್ಯೋಓ ಎಂದರೆ ಬೌದ್ಧರ ಅಚಲನಾಥ. ಅಲ್ಲಿ ಡೋಲು ಬಡಿದು ಸಮಿತ್ತು ಉರಿಸುವ ‘ಗೋಮ’ ನಮ್ಮ ಹೋಮವೇ. ಕ್ರಿಯೆಯ ಜೊತೆ ಪದವೂ ಚೀನಾದ ಮೂಲಕ ಹೋಗಿದೆ. 2011ರಲ್ಲಿ ಮುಗಿದ ಹೊಸ ಮಂದಿರದ ಹೊರಗೋಡೆಯ ತುಂಬ ಸಿದ್ಧಮಾತೃಕೆಯ ಅಕ್ಷರಗಳಲ್ಲಿ ಅಚಲನ ಮಂತ್ರವಿದೆ.

ಜಪಾನಿನ ಅತಿ ಪ್ರಸಿದ್ಧ ಕವಿಯ ಹೆಸರು ಹುಟ್ಟಿದ್ದೂ ಈ ಜೌಗಿನಲ್ಲಿ. 1680ರಲ್ಲಿ ಎದೊದ ನಡುಪೇಟೆ ಬಿಟ್ಟು ಮತ್ಸುಓ ಎಂಬ ಹಾಯ್ಕಾಯ್ ಕವಿತೆಯ ಗುರು ಒನಾಗಿ ಕಾಲುವೆ ಸುಮಿದಾಕ್ಕೆ ಸೇರುವ ಕಡೆಯ ಗುಡಿಸಲಿಗೆ ಬಂದ. ಜಾಗ ಒದಗಿಸಿದವನು ಶಿಷ್ಯ ಸಂಪೂ, ಮೀನಿನ ವ್ಯಾಪಾರಿ. ಇನ್ನೊಬ್ಬ ಶಿಷ್ಯ ಒಂದು ಬಾಳೆಕಂದು ತಂದು ನೆಟ್ಟ. ಆ ಚಳಿಯಲ್ಲಿ ತಿನ್ನುವ ಹಣ್ಣು ಬಿಡದ, ಗಾಳಿಗೆ ಎಲೆ ಸೀಳುವ ಬಾಳೆ ಕವಿಗೆ ಹಿಡಿಸಿತು. ‘ಬಾಶೊ’ ಎಂದರೆ ಬಾಳೆ; ಅದೇ ಅವನ ಹೆಸರಾಯಿತು. ಎರಡು ವರ್ಷದಲ್ಲಿ ಗುಡಿಸಲು ಬೆಂಕಿಗೆ ಹೋಯಿತು. ಕವಿ ನೀರಿಗಿಳಿದು ಚಾಪೆ ಹೊದ್ದು ಜೀವ ಉಳಿಸಿಕೊಂಡನೆಂದು ಶಿಷ್ಯ ಕಿಕಾಕು ಬರೆದಿಟ್ಟಿದ್ದಾನೆ. ಮತ್ತೆ ಕಟ್ಟಿದ ಗುಡಿಸಲಿನ ಕಾಲದಲ್ಲೇ, 1686ರಲ್ಲಿ, ಅವನ ಪ್ರಸಿದ್ಧ ಕಪ್ಪೆಯ ಪದ್ಯ ಬಂತು. 1689ರ ವಸಂತದಲ್ಲಿ ಗುಡಿಸಲನ್ನು ಪರರಿಗೆ ಬಿಟ್ಟುಕೊಟ್ಟು, ಇಲ್ಲಿಂದಲೇ ದೋಣಿ ಹತ್ತಿ ಉತ್ತರದ ದೀರ್ಘ ಯಾತ್ರೆಗೆ ಹೊರಟ. 1917ರ ಸಮುದ್ರದ ಉಕ್ಕು ಇಳಿದ ಮೇಲೆ ಈ ಜಾಗದಲ್ಲಿ ಒಂದು ಕಲ್ಲಿನ ಕಪ್ಪೆ ಸಿಕ್ಕಿತು. ಬಾಶೊಗೆ ಪ್ರಿಯವಾಗಿದ್ದುದು ಎಂಬ ನಂಬಿಕೆಯಿಂದ ಅಲ್ಲಿ ಪುಟ್ಟ ಗುಡಿ ಕಟ್ಟಿದ್ದಾರೆ. ಸಮೀಪದ ಬಾಶೊ ವಸ್ತುಸಂಗ್ರಹಾಲಯ 1981ರದ್ದು.

ಹೀಗೆ ಇಲ್ಲಿಂದ ನಡೆಯಲು ಹೊರಟ ಮತ್ತೊಬ್ಬ ಇನೊ ತದತಾಕ. ಐವತ್ತರ ಹೊತ್ತಿಗೆ ವ್ಯಾಪಾರವನ್ನು ಮಗನಿಗೆ ಒಪ್ಪಿಸಿ, ಫುಕಗಾವದಲ್ಲಿ ಮನೆ ಮಾಡಿ, ತನಗಿಂತ ಚಿಕ್ಕ ಪ್ರಾಯದ ಗುರುವಿನ ಬಳಿ ಖಗೋಳ ಕಲಿತ. ಭೂಮಿಯ ಒಂದು ಅಕ್ಷಾಂಶದ ಉದ್ದವೆಷ್ಟು ಎಂಬ ಪ್ರಶ್ನೆ ಹೊತ್ತು, ಮನೆಯಿಂದ ಅಸಕುಸಾದ ವೀಕ್ಷಣಾಲಯದವರೆಗೆ ಹೆಜ್ಜೆ ಎಣಿಸುತ್ತ ಓಡಾಡಿದ. ಅಷ್ಟು ಕಡಿಮೆ ದೂರದ ಅಳತೆ ನಂಬುವಂತಿಲ್ಲ ಎಂದರು ಗುರು. ಹಾಗಾಗಿ 1800ರಲ್ಲಿ, 55ನೆಯ ವಯಸ್ಸಿನಲ್ಲಿ, ಹಚಿಮನ್ ಗುಡಿಗೆ ಕೈಮುಗಿದು ಉತ್ತರದ ಎಜೊ ದ್ವೀಪದತ್ತ ಅಳೆಯುತ್ತ ನಡೆದ. ಅವನು ಸತ್ತ ಮೂರು ವರ್ಷಕ್ಕೆ, 1821ರಲ್ಲಿ, ಜಪಾನಿನ ಮೊದಲ ನಿಖರ ನಕಾಶೆ ಪೂರ್ಣಗೊಂಡಿತು.

ಫುಕಗಾವಕ್ಕೆ ಹೊಟ್ಟೆಪಾಡು ಕೊಟ್ಟದ್ದು ಮರ. 1641ರ ದೊಡ್ಡ ಬೆಂಕಿಗೆ ಪೇಟೆಯೊಳಗಿನ ನಾಟಾ ರಾಶಿಗಳು ಸೌದೆಯಾದವೆಂದು ಸರ್ಕಾರ ವ್ಯಾಪಾರಿಗಳನ್ನು ಹೊಳೆಯಾಚೆ ಓಡಿಸಿತು. 1701ರಲ್ಲಿ ಅವರು ನೆಲೆ ನಿಂತ ಜಾಗಕ್ಕೆ ಕಿಬಾ ಎಂದು ಹೆಸರಾಯಿತು. ‘ಕಿ’ ಎಂದರೆ ಮರ, ‘ಬಾ’ ಎಂದರೆ ಜಾಗ. ಇಲ್ಲಿ ದಿಮ್ಮಿಗಳನ್ನು ನೆಲದ ಮೇಲೆ ಒಟ್ಟುತ್ತಿರಲಿಲ್ಲ, ಕೊಳಗಳಲ್ಲಿ ತೇಲಬಿಡುತ್ತಿದ್ದರು. ನೀರಲ್ಲಿದ್ದ ಮರ ಸೀಳದು, ಬೆಂಕಿಗೂ ಸಿಗದು. ಎದೊ ಸುಟ್ಟಾಗಲೆಲ್ಲ ಮತ್ತೆ ಕಟ್ಟಲು ಬೇಕಾದ ಮರ ಇಲ್ಲಿಂದಲೇ ಹೋಗಬೇಕು. ಕಿನೊಕುನಿಯಾ ಬುನ್ಜಾಎಮೊನ್‌ನಂಥ ವ್ಯಾಪಾರಿಗಳು ಹಾಗೆ ದುಡಿದು, ಹಾಗೇ ಚೆಲ್ಲಿ, ದಂತಕಥೆಯಾದರು. ದಿಮ್ಮಿಯ ಮೇಲೆ ನಿಂತು ಕೊಕ್ಕೆಗೋಲಿನಿಂದ ತೆಪ್ಪ ನಡೆಸುವ ಕೆಲಸಗಾರರನ್ನು ಕವಾನಮಿ ಎನ್ನುತ್ತಿದ್ದರು. ಅವರು ಸೇರುವ ಹೋಟೆಲು, ಗಾಯನಶಾಲೆಗಳ ಗೆಯ್‌ಶಾಗಳಿಗೆ ಆಗ್ನೇಯ ದಿಕ್ಕಿನವರು ಎಂಬರ್ಥದಲ್ಲಿ ‘ತತ್ಸುಮಿ’ ಎಂದು ಹೆಸರು. ಗಂಡಸರು ತೊಡುವ ಹಾವೊರಿ ಅಂಗಿ ತೊಟ್ಟು, ಗಂಡು ಹೆಸರಿಟ್ಟುಕೊಂಡು, ಚಳಿಗಾಲದಲ್ಲೂ ಬರಿಗಾಲಲ್ಲಿ ನಡೆಯುತ್ತಿದ್ದರು. ಅಲಂಕಾರ ಕಡಿಮೆ, ಗತ್ತು ಹೆಚ್ಚು; ಅದನ್ನೇ ಎದೊದವರು ‘ಇಕಿ’ ಎಂದು ಮೆಚ್ಚಿದರು.

ಸಮುದ್ರದ ಅಂಚಿನಲ್ಲಿದ್ದ ಸುಸಾಕಿ ಕೇರಿಯನ್ನು 1791ರ ಉಬ್ಬರ ಕೊಚ್ಚಿಕೊಂಡು ಹೋಯಿತು. ಸರ್ಕಾರ ಆ ನೆಲವನ್ನು ಕೊಂಡು, ಇಲ್ಲಿಂದಾಚೆ ಮನೆ ಕಟ್ಟಬಾರದೆಂದು ಎರಡು ಕಲ್ಲು ನೆಡಿಸಿತು. ಹಿರೊಶಿಗೆ 1857ರಲ್ಲಿ ಚಿತ್ರಿಸಿದ, ಹಿಮದ ಬಯಲಿನ ಮೇಲೆ ರೆಕ್ಕೆ ಹರಡಿ ಎರಗುವ ಹದ್ದು ಹಾರುತ್ತಿರುವುದು ಈ ಬಯಲಿನ ಮೇಲೆ. 1888ರಲ್ಲಿ, ವಿಶ್ವವಿದ್ಯಾಲಯದ ಬಳಿ ಇರಬಾರದೆಂದು ನೆಜು ಸೂಳೆಗೇರಿಯನ್ನು ಎತ್ತಿ ತಂದು ಇಡಲು ಕೂಡ ಸರ್ಕಾರಕ್ಕೆ ಸುಸಾಕಿಯೇ ಕಂಡಿತು.

ಮೇಜಿ ಕಾಲ ಹೊಗೆ ತಂದಿತು. ಜಪಾನಿನ ಮೊದಲ ಸಿಮೆಂಟನ್ನು 1875ರಲ್ಲಿ ತಯಾರಿಸಿದ್ದು ಇಲ್ಲಿನ ಸರ್ಕಾರಿ ಕಾರ್ಖಾನೆ. ಅದು ಮುಂದೆ ಅಸಾನೊ ಸೊಯಿಚಿರೊನ ಕೈಸೇರಿತು. ಬೂದಿ ಬಿದ್ದು ಬಟ್ಟೆ ಒಣಗಿಸಲಾಗದೆ ಜನ ವರ್ಷಗಟ್ಟಲೆ ಹೋರಾಡಿದರು. ಇದೇ ಹೊತ್ತಿನಲ್ಲಿ ಮಿತ್ಸುಬಿಶಿ ಸ್ಥಾಪಕ ಇವಸಾಕಿ ಯತಾರೊ 1878ರಲ್ಲಿ ಹಳೆಯ ಬಂಗಲೆಯ ಜಾಗ ಕೊಂಡು ತೋಟ ಮಾಡತೊಡಗಿದ. ಈಗಿನ ಕಿಯೊಸುಮಿ ತೋಟ ಅದೇ. ಕಂಪನಿಯ ಹಡಗುಗಳು ದೇಶದ ಮೂಲೆಮೂಲೆಯಿಂದ ಬಂಡೆ ಹೊತ್ತು ತಂದವು. ಕೊಳದ ಅಂಚಿನ ನೀರಿನಲ್ಲೇ ಇಟ್ಟ ಹೆಜ್ಜೆಗಲ್ಲುಗಳ ಮೇಲೆ ನಡೆದರೆ ಕಾಲ ಬುಡದಲ್ಲೇ ಕೆಂಪುಬಿಳಿ ಮೀನು, ಆಮೆಗಳು ಬಂದು ಮುತ್ತುತ್ತವೆ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ನೋಡಿಕೊಂಡೇ ಕಾಲಿಡಬೇಕಾದ್ದರಿಂದ ಎಂಥವರ ನಡಿಗೆಯೂ ನಿಧಾನವಾಗುತ್ತದೆ.

1923ರ ಸೆಪ್ಟೆಂಬರ್ 1ರ ಭೂಕಂಪದ ಬೆಂಕಿಯಲ್ಲಿ ಫುಕಗಾವ ಬಹುತೇಕ ಸುಟ್ಟುಹೋಯಿತು. ಈ ತೋಟದ ಮರ ಮತ್ತು ನೀರು ಒಳಗೆ ಓಡಿಬಂದವರನ್ನು ಕಾಪಾಡಿದವು. ಮರುವರ್ಷ ಇವಸಾಕಿ ಮನೆತನ ಅದರ ಅರ್ಧವನ್ನು ನಗರಕ್ಕೆ ಕೊಟ್ಟಿತು. 1932ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಮತ್ತೆ ಕಟ್ಟಿದ ಊರು ಇಪ್ಪತ್ತೆರಡು ವರ್ಷವೂ ಬಾಳಲಿಲ್ಲ. 1945ರ ಮಾರ್ಚ್ 10ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಅಮೆರಿಕದ ಬಿ-29 ವಿಮಾನಗಳ ಬೆಂಕಿಬಾಂಬುಗಳು ಮೊದಲು ಬಿದ್ದದ್ದು ಫುಕಗಾವದ ಮೇಲೆ. ಜೋರು ಗಾಳಿಯಿತ್ತು. ಜನ ರೂಢಿಯಂತೆ ನೀರಿನ ಕಡೆ ಓಡಿದರು. ಕಾಲುವೆಗೆ ಹಾರಿದವರು ಕೆಲವರು ಮುಳುಗಿ, ಕೆಲವರು ಹೊಗೆಗೆ ಉಸಿರುಕಟ್ಟಿ, ಕೆಲವರು ಚಳಿಗೆ ಮರಗಟ್ಟಿ ಸತ್ತರು. ಆ ಒಂದು ರಾತ್ರಿ ಟೋಕಿಯೊದ ಪೂರ್ವಭಾಗದಲ್ಲಿ ಸತ್ತವರು ಸುಮಾರು 1,00,000. ಮಾರ್ಚ್ 18ರಂದು ಚಕ್ರವರ್ತಿ ಹಿರೊಹಿತೊ ಬಂದು ಹಚಿಮನ್ ಗುಡಿಯ ಬಳಿ ನಿಂತು ಬೂದಿಯ ಬಯಲು ನೋಡಿದ. ಕಾಲುವೆ ದಂಡೆಯ ಬೀದಿಗಳಲ್ಲಿ ಅಲ್ಲಲ್ಲಿ ಸತ್ತವರ ನೆನಪಿನ ಕಲ್ಲುಗಳಿವೆ. ಈ ಊರಿನ ಶಾಂತಿಯನ್ನು ಮೆಚ್ಚುವವರು ಅವುಗಳ ಮುಂದೆ ಒಂದು ಗಳಿಗೆ ನಿಲ್ಲಬೇಕು. ಸಾಕ್ಷಿಗಳ ಮಾತು, ಸುಟ್ಟ ವಸ್ತುಗಳನ್ನು ಜೋಪಾನ ಮಾಡಿರುವ ವೈಮಾನಿಕ ದಾಳಿ ಸಂಗ್ರಹಾಲಯ ಇದೇ ವಾರ್ಡಿನ ಕಿತಾಸುನಾದಲ್ಲಿದೆ. 2002ರಲ್ಲಿ ನಾಗರಿಕರ ದೇಣಿಗೆಯಿಂದ ಎದ್ದದ್ದು.

ಯುದ್ಧದ ನಂತರ ನೆಲವೇ ಇಳಿಯಿತು. ಕಾರ್ಖಾನೆಗಳು ಅಂತರ್ಜಲ ಎಳೆದದ್ದರಿಂದ ಕೋತೊ ವಾರ್ಡಿನ ಕೆಲವು ಕಡೆ ನೆಲ 4 ಮೀಟರಿಗೂ ಹೆಚ್ಚು ಕುಸಿದಿದೆ. 1970ರ ದಶಕದಲ್ಲಿ ನೀರೆತ್ತುವುದನ್ನು ಬಿಗಿಯಾಗಿ ತಡೆದ ಮೇಲೆ ಕುಸಿತ ಬಹುಮಟ್ಟಿಗೆ ನಿಂತಿತು. ಒನಾಗಿ ಕಾಲುವೆಯ ಪೂರ್ವಭಾಗದ ನೀರನ್ನು ತಗ್ಗಿಸಿಯೇ ಇಡಬೇಕಾದ್ದರಿಂದ 1977ರಲ್ಲಿ ಒಗಿಬಾಶಿಯಲ್ಲಿ ಎರಡು ಬಾಗಿಲಿನ ಲಾಕ್ ಕಟ್ಟಿದರು. ದೋಣಿ ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತದೆ, ನೀರು ಏರುತ್ತದೆ ಇಲ್ಲವೆ ಇಳಿಯುತ್ತದೆ, ಮುಂದಿನ ಬಾಗಿಲು ಮೇಲೆದ್ದು ತಲೆಯ ಮೇಲೆ ಹನಿ ಉದುರಿಸುತ್ತದೆ. ಇಯೆಯಾಸು ಉಪ್ಪಿಗಾಗಿ ತೋಡಿಸಿದ ಕಾಲುವೆಯೇ ಅದು.

ಹಳೆಯ ಬದುಕನ್ನು ಕಣ್ಣಾರೆ ನೋಡಬೇಕೆನ್ನುವವರಿಗಾಗಿ 1986ರಲ್ಲಿ ಫುಕಗಾವ ಎದೊ ವಸ್ತುಸಂಗ್ರಹಾಲಯ ತೆರೆಯಿತು. 1840ರ ಸುಮಾರಿನ ಸಾಗಾ ಕೇರಿಯೊಂದನ್ನು ಸೂರಿನಡಿ ಪೂರಾ ಕಟ್ಟಿದ್ದಾರೆ: ಅಕ್ಕಿಯಂಗಡಿ, ಬೆಂಕಿ ಕಾಯುವ ಅಟ್ಟಣೆ, ಒಂದೇ ಕೋಣೆಯ ಸಾಲುಮನೆ, ಮಾಡಿನ ಮೇಲೊಂದು ಬೆಕ್ಕು. ಬಂದವರು ಚಪ್ಪಲಿ ಕಳಚಿ ಆ ಕೋಣೆಯೊಳಗೆ ಕೂರಬಹುದು. ಹತ್ತಿರದಲ್ಲೇ ಫುಕಗಾವ ಮೇಶಿ ಬಡಿಸುವ ಊಟದಂಗಡಿಗಳಿವೆ. ನಮ್ಮ ಕರಾವಳಿಯವರ ಮರುವಾಯಿಯನ್ನು ಹೋಲುವ ಅಸಾರಿ ಚಿಪ್ಪಿನ ಮಾಂಸವನ್ನು ಈರುಳ್ಳಿ ಜಾತಿಯ ಸೊಪ್ಪಿನೊಂದಿಗೆ ಮಿಸೊದಲ್ಲಿ ಬೇಯಿಸಿ ಬಿಸಿ ಅನ್ನದ ಮೇಲೆ ಸುರಿಯುತ್ತಾರೆ. ಮೀನುಗಾರರು ಆತುರದಲ್ಲಿ ಉಣ್ಣುತ್ತಿದ್ದ ಊಟ.

ಖಾಲಿಯಾದ ಉಗ್ರಾಣಗಳಿಗೆ ಎತ್ತರದ ಸೂರಿದ್ದುದರಿಂದ ಚಿತ್ರಶಾಲೆಗಳು, ಕಾಫಿ ಹುರಿಯುವವರು ಬಂದರು. 2015ರಲ್ಲಿ ಅಮೆರಿಕದ ಬ್ಲೂ ಬಾಟಲ್ ಜಪಾನಿನ ತನ್ನ ಮೊದಲ ಅಂಗಡಿಯನ್ನು ತೆರೆದದ್ದು ಇಲ್ಲಿ. ತೋಜಾಯ್ ಮೆಟ್ರೊದಲ್ಲಿ ಇನ್ನೂ ಪೂರ್ವಕ್ಕೆ ಹೋದರೆ ಬರುವ ನಿಶಿಕಸಾಯ್‌ನಲ್ಲಿ 2000ದ ಆಸುಪಾಸಿನಿಂದ ಭಾರತದ ಸಾಫ್ಟ್‌ವೇರ್ ಉದ್ಯೋಗಿಗಳ ಸಂಸಾರಗಳು ನೆಲೆಸಿವೆ. ಹೊಸಬರನ್ನು ನಗರ ಈಗಲೂ ಹೊಳೆಯಾಚೆಗೇ ಕಳಿಸುತ್ತಿದೆ.

ಮರದ ವ್ಯಾಪಾರ 1970ರ ದಶಕದಲ್ಲಿ ಸಮುದ್ರ ತುಂಬಿ ಮಾಡಿದ ಶಿನ್‌ಕಿಬಾಗೆ ಸ್ಥಳಾಂತರಗೊಂಡಿತು. ದಿಮ್ಮಿ ತೇಲುತ್ತಿದ್ದ ಕೊಳಗಳ ಜಾಗದಲ್ಲಿ 1992ರಲ್ಲಿ ಕಿಬಾ ಉದ್ಯಾನ ಆಯಿತು. 1995ರಲ್ಲಿ ಅದರ ಅಂಚಿಗೆ ಸಮಕಾಲೀನ ಕಲಾ ಸಂಗ್ರಹಾಲಯ ಬಂತು. ಉದ್ಯಾನದೊಳಗೆ ಒಂದು ಕೊಳ ಮಾತ್ರ ಉಳಿಸಿದ್ದಾರೆ. ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ‘ಕಾಕುನೋರಿ’ ನಡೆಯುತ್ತದೆ. ಚೌಕಾಕಾರಕ್ಕೆ ಕೆತ್ತಿದ ತೊಲೆಯನ್ನು ನೀರಿಗೆ ಬಿಡುತ್ತಾರೆ. ದುಂಡು ದಿಮ್ಮಿಗಿಂತ ಇದು ಕಷ್ಟ, ಮೂಲೆ ಬಂದಾಗಲೆಲ್ಲ ತೊಲೆ ಕುಪ್ಪಳಿಸುತ್ತದೆ. ನೀಲಿ ಅಂಗಿ ತೊಟ್ಟವನು ಅದರ ಮೇಲೇರಿ ಪಾದದಿಂದಲೇ ಉರುಳಿಸುತ್ತಾನೆ. ಆಮೇಲೆ ಎತ್ತರದ ಮರದ ಚಪ್ಪಲಿ ಮೆಟ್ಟಿ, ಆಮೇಲೆ ಏಣಿ ನಿಲ್ಲಿಸಿ. ದಡದಲ್ಲಿ ಕೊಳಲು, ಡೋಲು. ಕವಾನಮಿ ಎಂಬ ಕೆಲಸ ಹೋಗಿ ಐವತ್ತು ವರ್ಷವಾಗುತ್ತ ಬಂತು, ಕಾಲಿಗೆ ಮಾತ್ರ ಅದು ಮರೆತಿಲ್ಲ. ಕಲಿಯುವ ಹುಡುಗರು ಎರಡು ಹೆಜ್ಜೆಗೆ ಜಾರಿ ನೀರಿಗೆ ಬೀಳುತ್ತಾರೆ. ನೋಡುವವರು ಚಪ್ಪಾಳೆ ತಟ್ಟುತ್ತಿರುವಾಗಲೇ ತೊಲೆ ಹಿಡಿದು ಮತ್ತೆ ಹತ್ತುತ್ತಾರೆ.